ಡಬ್ಬಿ ಬರುವತನಕ ಇನ್ನೊಂದು ರೆಕಾರ್ಡು

ಇದು ಶುರುವಾದದ್ದು ಏಪ್ರಿಲ್ ತಿಂಗಳಲ್ಲಿ, ಚಳಿ ಬಿಟ್ಟೂ ಬಿಡದಂತಿದ್ದ ಒಂದು ಶನಿವಾರ, ಬೆಳಗಿನ ಚಹಾ ಮುಗಿದು ನಾಷ್ಟಾ ಇನ್ನೂ ಆಗದ ಹೊತ್ತಿನಲ್ಲಿ. ಕಡಲಾಚೆಯ ಈ ದೇಶದಲ್ಲಿ, ಮೆಟುಚೆನ್ ಎಂಬ ಊರಿನ ನಮ್ಮ ಮನೆಯ ಮುಂದೆ ಹಳದಿ ಹೂವಿನ ಗಿಡವೊಂದಿದೆ. ಎಲೆ ಬರುವ ಮೊದಲೇ ಹೂ ಬಿಡುತ್ತದೆ. ಅದು ಬಿಟ್ಟಿತೆಂದರೆ ನನ್ನ ಹೆಂಡತಿ ರುದ್ರಮ್ಮ ಸ್ವೆಟರು ಮಡಚಿ ಒಳಗಿಡುತ್ತಾಳೆ, ಮರುದಿನ ಮತ್ತೆ ತೆಗೆದು ಹಾಕಿಕೊಳ್ಳುತ್ತಾಳೆ.

ಆ ದಿನ ಊಟದ ಮೇಜಿನ ಮೇಲೆ ನಮ್ಮ ಮೊಮ್ಮಗಳು ಭೂಮಿಕಾ ಕಂಪ್ಯೂಟರು ತೆರೆದಿಟ್ಟುಕೊಂಡು ತನ್ನ ಮದುವೆಯ ಕಾರ್ಡು ಬರೆಯುತ್ತಿದ್ದಳು. ಪಕ್ಕದಲ್ಲಿ ಅವಳನ್ನು ಮದುವೆಯಾಗುವ ಟೋನಿ ಕೂತಿದ್ದ. ಇಲ್ಲಿಯ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವವನು, ಇಟಲಿಯ ಕಡೆಯ ಮನೆತನ, ಉದ್ದ ಕಾಲು, ನಮ್ಮ ಮೇಜಿನ ಕೆಳಗೆ ಆ ಕಾಲು ಎಲ್ಲಿಡಬೇಕೆಂದು ಅವನಿಗೆ ಯಾವತ್ತೂ ತಿಳಿಯುವುದಿಲ್ಲ. ಎದುರಿಗೆ ನನ್ನ ಮಗಳು ಕೀರ್ತಿ ಮತ್ತು ಅಳಿಯ ಶಿವಪ್ರಸಾದ್.

"ದಿ ಸೆರಮನಿ ವಿಲ್ ಕಮೆನ್ಸ್ ಅಟ್ ಫೋರ್ ಅಂತ ಹಾಕು," ಎಂದ ಶಿವಪ್ರಸಾದ್.

ಭೂಮಿಕಾ ನಕ್ಕಳು. "ಡ್ಯಾಡ್, ನೋಬಡಿ ಸೇಸ್ ಕಮೆನ್ಸ್. ಇದು ಮದುವೆ, ಕೋರ್ಟ್ ಅಲ್ಲ. ಬಿಗಿನ್ಸ್ ಅಂದ್ರೆ ಸಾಕು."

"ನಮ್ಮ ಕಡೆ ಎಲ್ಲಾ ಕಾರ್ಡಲ್ಲೂ ಕಮೆನ್ಸ್ ಅಂತಾನೇ ಇರ್ತಿತ್ತಮ್ಮ. ದಾವಣಗೆರೆಯಲ್ಲಿ ಪರೀಕ್ಷೆ ಕಮೆನ್ಸ್ ಆಗ್ತಿತ್ತು, ಕ್ರಿಕೆಟ್ ಟೂರ್ನಮೆಂಟ್ ಕಮೆನ್ಸ್ ಆಗ್ತಿತ್ತು, ಸೀರೆ ಅಂಗಡಿ ಡಿಸ್ಕೌಂಟೂ ಕಮೆನ್ಸ್ ಆಗ್ತಿತ್ತು."

"ಎಕ್ಸ್ಯಾಕ್ಟ್ಲಿ," ಎಂದಳು ಅವಳು.

ಟೋನಿ ಏನೋ ಹೇಳಿದ. ನನಗೆ ತಿಳಿಯಲಿ ಎಂದು ಭೂಮಿಕಾ ಅದನ್ನು ಕನ್ನಡಕ್ಕೆ ತಂದಳು. "ಅಜ್ಜಾ, ಟೋನಿ ಏನ್ ಹೇಳ್ತಾನೆ ಅಂದ್ರೆ, ಅರ್ಥ ಎಲ್ಲಾ ಒಂದೇ. ಸ್ಟಾರ್ಟ್, ಬಿಗಿನ್, ಕಮೆನ್ಸ್. ಬಟ್ ಕಮೆನ್ಸ್ ಅಂದ್ರೆ ಸ್ಟಾರ್ಟ್‌ಗೆ ಕೋಟು, ಟೈ ಹಾಕಿಸಿದ ಹಾಗೆ. ಜಡ್ಜ್ ಹೇಳ್ತಾರೆ, ಮಿಲಿಟರಿಯವರು ಹೇಳ್ತಾರೆ, ದೊಡ್ಡ ದೊಡ್ಡ ಸಭೆಯಲ್ಲಿ ಹೇಳ್ತಾರೆ. ಮನೇಲಿ ಯಾರೂ ಕಾರ್ ಕಮೆನ್ಸ್ ಮಾಡಲ್ಲ."

ಒಲೆಯ ಹತ್ತಿರ ಈರುಳ್ಳಿ ಹೆಚ್ಚುತ್ತಿದ್ದ ರುದ್ರಮ್ಮ ತಿರುಗಿ, "ಹಂಗಾರ ನಾ ಉಪ್ಪಿಟ್ಟು ಕಮೆನ್ಸ್ ಮಾಡ್ಲ್ಯಾ?" ಎಂದಳು.

ಅಷ್ಟು ಮಾತಿನಲ್ಲಿ ಟೋನಿಗೆ ಎರಡು ಶಬ್ದ ತಿಳಿದಿದ್ದವು. ಅವನು ಗಂಭೀರವಾಗಿ ತಲೆಯಾಡಿಸಿ, ಉಪ್ಪಿಟ್ಟನ್ನು ಸ್ಟಾರ್ಟ್ ಮಾಡಬೇಕು ಎಂದ.

"ಯಾಕ, ನನ್ನ ಉಪ್ಪಿಟ್ಟಿಗೆ ಕೋಟು ಬ್ಯಾಡೇನು?" ಎಂದು ಅವಳು ಬಾಣಲೆ ಇಟ್ಟಳು.

ಮೇಜಿನ ಮಾತಿನಲ್ಲಿ ನಾನು ಬಾಯಿ ಹಾಕುವುದು ಕಡಿಮೆ. ಕಲಿತದ್ದು ನಾಲ್ಕನೇ ಇಯತ್ತೆ. ಕಲಿತವರ ಮಾತು ಕೇಳುತ್ತ ಕೂಡುವುದು ನನಗೆ ಬೇಸರವಲ್ಲ. ಆದರೆ ಆ ದಿನ, "ಕಾರ್ಡಿನ್ಯಾಗ ಕಮೆನ್ಸ್ ಅನ್ನೂ ಮಾತ ಇರಲಿ," ಎಂದೆ.

ಎಲ್ಲರೂ ನನ್ನ ಕಡೆ ನೋಡಿದರು. ಕೀರ್ತಿಗೆ ತಕ್ಷಣ ತಿಳಿಯಿತು. ದನಿ ತಗ್ಗಿಸಿ ಕೇಳಿದಳು: "ಕಾಕಾನ ಸಲುವಾಗಿ ಏನಪ್ಪಾ?"

ನಾನು ಹೂಂ ಎಂದೆ.

ಕಾಕಾ ಎಂದರೆ ನನ್ನ ತಮ್ಮ ವೀರೇಂದ್ರ. ಇರುವವನೊಬ್ಬನೇ ತಮ್ಮ. ನದಿಯಾಚೆ, ಲಾಂಗ್ ಐಲೆಂಡಿನ ಜೆರಿಕೋದಲ್ಲಿ ಡಾಕ್ಟರಾಗಿದ್ದು ಈಗ ನಿವೃತ್ತನಾಗಿದ್ದಾನೆ. ಏಳು ವರ್ಷದಿಂದ ನಮ್ಮ ಮನೆಗೆ ಬಂದಿರಲಿಲ್ಲ, ನನ್ನೊಡನೆ ಮಾತೂ ಆಡಿರಲಿಲ್ಲ. ನನಗೆ ಎಪ್ಪತ್ತೆಂಟು ಆಗಿತ್ತು, ಅವನಿಗೆ ಎಪ್ಪತ್ಮೂರು. ಈ ಮದುವೆಗೂ ಅವನು ಬಾರದಿದ್ದರೆ ಇನ್ನು ಯಾವುದಕ್ಕೆ ಬಂದಾನು ಎಂಬುದು ನನ್ನ ಚಿಂತೆಯಾಗಿತ್ತು.

ಕಮೆನ್ಸ್ ಎಂಬ ಮಾತನ್ನು ನಾವಿಬ್ಬರೂ ಕಲಿತದ್ದು ಒಂದೇ ಕಡೆ, ಚನ್ನವೀರಪ್ಪ ಸಾಹುಕಾರರ ಟೂರಿಂಗ್ ಟಾಕೀಸಿನಲ್ಲಿ. ಸಿಂಧನೂರಿನ ಹೊರಗೆ, ಮಸ್ಕಿಗೆ ಹೋಗುವ ರಸ್ತೆಯ ಬದಿಗೆ ಟೆಂಟು ಹೊಡೆದಿರುತ್ತಿತ್ತು. ಮುಂದೆ ಉಸುಕಿನ ನೆಲ, ಹಿಂದೆ ಬೆಂಚು, ಸಾಹುಕಾರರ ಗುರುತಿನವರಿಗೆ ನಾಲ್ಕಾರು ಕುರ್ಚಿ. ಹೆಂಗಸರಿಗೂ ಗಂಡಸರಿಗೂ ನಡುವೆ ಒಂದು ತಟ್ಟಿ. ಗ್ರಾಮಫೋನು ನನ್ನ ಕೈಯಲ್ಲಿತ್ತು. ಬಿದಿರಿಗೆ ಹಾರ್ನು ಕಟ್ಟಿ, ಹೊತ್ತು ಮುಳುಗುತ್ತಲೇ ರೆಕಾರ್ಡು ಹಚ್ಚುತ್ತಿದ್ದೆ. ಆ ದನಿ ಹೊಲ ದಾಟಿ ಹೋಗಿ ಹಳ್ಳಿಗಳನ್ನು ಮುಟ್ಟಿತೆಂದರೆ ಜನ ರೊಟ್ಟಿ ಉಂಡು, ಬಂಡಿ ಹೂಡಿಕೊಂಡು ಹೊರಡುತ್ತಿದ್ದರು.

ಶುಕ್ರವಾರ ಚಿತ್ರ ಬದಲಾಗುತ್ತಿತ್ತು. ಹೊಸ ಚಿತ್ರದ ರೀಲಿನ ಡಬ್ಬಿ ರಾಯಚೂರಿನಿಂದ ಸಂಜೆಯ ಬಸ್ಸಿಗೆ ಬರಬೇಕು. ವೀರೇಂದ್ರ ಆಗ ರಾಯಚೂರಿನ ಕಾಲೇಜಿನಲ್ಲಿದ್ದ. ಪ್ರತಿ ಶುಕ್ರವಾರ ಆ ಡಬ್ಬಿ ತರುವ ಕೆಲಸ ಅವನದು. ಬಸ್ಸು ಒಂದು ಶುಕ್ರವಾರ ಹೊತ್ತಿಗೆ ಬಂದರೆ ನಾಲ್ಕು ಶುಕ್ರವಾರ ಹೊತ್ತು ಮೀರಿ ಬರುತ್ತಿತ್ತು. ಉಸುಕಿನ ಮೇಲೆ ಜನ ತುಂಬಿರುತ್ತಿತ್ತು, ಬೀಡಿಯ ಹೊಗೆ ಮೇಲೇರಿರುತ್ತಿತ್ತು, ಹಿಂದಿನ ಬೆಂಚಿನವರು ಸಿಳ್ಳೆ ಹೊಡೆಯುತ್ತಿದ್ದರು. ಸಾಹುಕಾರರು ಟೆಂಟಿನ ಪರದೆ ಸರಿಸಿ ರಸ್ತೆಯನ್ನೊಮ್ಮೆ ನೋಡಿ ನನ್ನ ಕಡೆ ತಿರುಗುತ್ತಿದ್ದರು. "ಇನ್ನೊಂದು ಹಚ್ಚೋ ಅಮರೇಶಾ."

ನಾನು ಇನ್ನೊಂದು ಹಚ್ಚುತ್ತಿದ್ದೆ. ಅದು ಮುಗಿದರೆ ಮತ್ತೊಂದು. ಇದ್ದ ರೆಕಾರ್ಡುಗಳೆಲ್ಲ ಮುಗಿದರೆ ಮೊದಲಿನದೇ ಮತ್ತೆ. ಹಳೆಯ ಚಿತ್ರದ ಡಬ್ಬಿ ಒಳಗೇ ಇರುತ್ತಿತ್ತು, ಬೇಕೆಂದರೆ ಅದನ್ನೇ ಓಡಿಸಬಹುದಾಗಿತ್ತು. ಸಾಹುಕಾರರು ಒಪ್ಪುತ್ತಿರಲಿಲ್ಲ. "ಹುಡುಗ ಬಸ್ಸಿನ್ಯಾಗ ಡಬ್ಬಿ ಹಿಡಕೊಂಡು ಕುಂತಾನ. ಅವಗ ನಾವು ಕಾಯಾಕತ್ತೀವಿ ಅಂತ ಗೊತ್ತೈತಿ. ಕಾಯಬೇಕು," ಎನ್ನುತ್ತಿದ್ದರು.

ಕಡೆಗೆ ರಸ್ತೆಯ ಕತ್ತಲಿನಿಂದ ಕೂಗು ಬರುತ್ತಿತ್ತು: "ಅಣ್ಣಾ, ಡಬ್ಬಿ ಬಂತು!" ಹೆಗಲ ಮೇಲೆ ಡಬ್ಬಿ, ಮೈಯೆಲ್ಲ ಧೂಳು. ಜನ ಎದ್ದು ನಿಂತು ಅವನಿಗೆ ದಾರಿ ಬಿಡುತ್ತಿದ್ದರು. ಆಗ ಸಾಹುಕಾರರು ಕೋಟಿನ ಗುಂಡಿ ಹಾಕಿಕೊಂಡು ಮೈಕಿನ ಮುಂದೆ ನಿಂತು ಹೇಳುತ್ತಿದ್ದರು: "ಲೇಡೀಸ್ ಅಂಡ್ ಜಂಟಲ್‌ಮನ್, ದಿ ಶೋ ವಿಲ್ ನೌ ಕಮೆನ್ಸ್."

ಆ ಮಾತಿನ ಅರ್ಥ ಯಾರಿಗೂ ಗೊತ್ತಿರಲಿಲ್ಲ, ಉಪಯೋಗ ಎಲ್ಲರಿಗೂ ಗೊತ್ತಿತ್ತು. ಅದು ಕಿವಿಗೆ ಬಿದ್ದೊಡನೆ ಬೀಡಿ ಆರುತ್ತಿದ್ದವು, ಕೂಸುಗಳಿಗೆ ಮೊಲೆ ಸಿಗುತ್ತಿತ್ತು, ತಟ್ಟಿಯ ಆಚೆಯಿಂದ ಈಚೆ ಇಣುಕುವವರು ಮುಂದೆ ನೋಡುತ್ತಿದ್ದರು. ಇಣುಕುವವರಲ್ಲಿ ರುದ್ರಮ್ಮನೂ ಒಬ್ಬಳು. ಇವತ್ತಿಗೂ ಒಪ್ಪಿಕೊಳ್ಳುವುದಿಲ್ಲ.

ಒಮ್ಮೆ ನಾನು ಸಾಹುಕಾರರನ್ನು ಕೇಳಿದ್ದೆ. "ಸ್ಟಾರ್ಟ್ ಅಂದ್ರನೂ ಅದ ಅಲ್ರಿ?" ಟೆಂಟಿನ ಹಿಂದೆ ಕರೆಂಟು ಮಾಡುವ ನಮ್ಮ ಇಂಜಿನ್ನು ಗುಡುಗುಡು ಎನ್ನುತ್ತಿತ್ತು. ಅವರು ಅದರ ಕಡೆ ಬೆರಳು ತೋರಿಸಿ, "ಇಂಜಿನ್ ಸ್ಟಾರ್ಟ್ ಆಗತೈತಿ. ಅದಕ್ಕ ಯಾರೂ ಬರೂದು ಬ್ಯಾಡ, ಹಗ್ಗ ಜಗ್ಗಿದ್ರ ಮುಗೀತು. ಶೋ ಕಮೆನ್ಸ್ ಆಗತೈತಿ. ಬರೂ ಮಂದಿ ಬಂದ ಮ್ಯಾಲೆ ಆಗೂದು ಅದು," ಎಂದರು. ಇಂಗ್ಲಿಷಿನಲ್ಲಿ ಹಾಗೆಯೇ ಇದೆಯೋ ಇಲ್ಲವೋ ನನಗೆ ತಿಳಿಯದು. ನಮಗೆ ಹಾಗೆ ಕಲಿಸಿದ್ದರು, ನಾವು ಹಾಗೆ ಕಲಿತೆವು.

ಏಳು ವರ್ಷದ ಹಿಂದೆ ಮೆಟುಚೆನ್‌ನ ಈ ಮನೆಯ ಗೃಹಪ್ರವೇಶ ಇತ್ತು. ಪೂಜೆ ಮಾಡಿಸಲು ಬಂದ ಅಯ್ಯನವರಿಗೆ ಅದೇ ದಿನ ಇನ್ನೊಂದು ಮನೆಯ ಪೂಜೆ. ಮುಹೂರ್ತ ಮೀರುತ್ತದೆ ಎಂದು ಅವಸರ ಮಾಡಿದರು. ವೀರೇಂದ್ರ ಸೇತುವೆಯ ಮೇಲೆ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದಿದ್ದ. ಶಿವಪ್ರಸಾದ್ ಗಡಿಯಾರ ನೋಡಿ, ಶುರು ಮಾಡಿಬಿಡೋಣ ಎಂದ. ವೀರೇಂದ್ರ ಬಂದಾಗ ಪೂಜೆ ಮುಗಿದು ಎಲೆಗೆ ಹೋಳಿಗೆ ಬಡಿಸಿ ಆಗಿತ್ತು. ಡ್ರೈವ್‌ವೇಯಲ್ಲಿ ಕಾರಿನಿಂದ ಇಳಿದು ಬಾಗಿಲ ತೋರಣ ನೋಡಿದ, ಒಳಗೆ ಉಣ್ಣುತ್ತಿದ್ದ ಜನರನ್ನು ನೋಡಿದ. ನಾನು ಹೊರಗೆ ಓಡಿ ಬಂದೆ.

"ಕಮೆನ್ಸ್ ಆಗಿಬಿಟ್ಟೈತಲ್ಲ ಅಣ್ಣಾ," ಎಂದ. ಅಷ್ಟೇ ಮಾತು. ಕಾರು ತಿರುಗಿಸಿಕೊಂಡು ಹೋದ.

ಆಮೇಲೆ ನಾನು ಫೋನು ಮಾಡಿದೆ, ಎತ್ತಲಿಲ್ಲ. ಕೀರ್ತಿ ಮಾಡಿದಳು, ಶಿವಪ್ರಸಾದ್ ಮಾಡಿದ. ಯುಗಾದಿಗೆ, ದೀಪಾವಳಿಗೆ ಅವನ ಹೆಂಡತಿ ರಾಜಿ ಫೋನು ಮಾಡಿ ಎಲ್ಲರನ್ನೂ ವಿಚಾರಿಸುತ್ತಿದ್ದಳು. ಹಿಂದೆ ಟಿವಿಯ ಸದ್ದು ಕೇಳುತ್ತಿತ್ತು. ನಮ್ಮ ಮಾತು ಮುಗಿಯುವವರೆಗೆ ಆ ಸದ್ದನ್ನು ಯಾರೋ ತಗ್ಗಿಸುತ್ತಿದ್ದರು. ಆ ಯಾರೋ ಯಾರೆಂದು ನನಗೆ ಗೊತ್ತಿತ್ತು.

ಆ ಶನಿವಾರ ಇದನ್ನೆಲ್ಲ ಕೀರ್ತಿ ಮಗಳಿಗೂ ಟೋನಿಗೂ ಇಂಗ್ಲಿಷಿನಲ್ಲಿ ಹೇಳಿದಳು. ಹೇಳಿ ಮುಗಿಯುವುದರಲ್ಲಿ ಉಪ್ಪಿಟ್ಟು ಆಗಿತ್ತು. ಭೂಮಿಕಾ ಕಂಪ್ಯೂಟರಿನಲ್ಲಿ ಏನೋ ಅಳಿಸಿ, ಏನೋ ಬರೆದಳು.

"ಹಾಕ್ದೆ ಅಜ್ಜಾ. ಎಲ್ಲರ ಕಾರ್ಡಲ್ಲೂ. ಕೋಟು, ಟೈ ಎಲ್ಲಾ."

ಕಾರ್ಡುಗಳು ಹೋದವು. ಜೂನ್ ಕಳೆಯಿತು, ಜುಲೈ ಕಳೆಯಿತು. ಟೋನಿಯ ಕಡೆಯವರೆಲ್ಲ ಬರುತ್ತೇವೆಂದು ತಿಳಿಸಿದರು. ಜೆರಿಕೋದಿಂದ ಸುದ್ದಿಯಿಲ್ಲ. ಒಮ್ಮೆ ರಾಜಿ ಫೋನಿನಲ್ಲಿ, "ಕಾರ್ಡು ಬಂತು ಭಾವ. ಫ್ರಿಡ್ಜಿನ ಮೇಲೆ ಅಂಟಿಸಿದೀನಿ. ನಿಮ್ಮ ತಮ್ಮ ದಿನಾ ಹಾಲು ತೆಗೆಯೋವಾಗ ಓದ್ತಾರೆ, ಏನೂ ಹೇಳಲ್ಲ," ಎಂದಳು. ರುದ್ರಮ್ಮ ಅದನ್ನು ಕೇಳಿ, "ಓದೂದು ಎಷ್ಟು ದಿನರಿ, ಇರೂದು ನಾಲ್ಕು ಸಾಲು," ಎಂದಳು.

ಮದುವೆ ಅಕ್ಟೋಬರದಲ್ಲಿ, ಒಂದು ಶನಿವಾರ ಸಂಜೆ, ಪ್ರಿನ್ಸ್‌ಟನ್ ಹತ್ತಿರದ ಒಂದು ತೋಟದಲ್ಲಿ. ಹಿಂದೆ ಹುಲ್ಲು ತುಂಬಿಡುತ್ತಿದ್ದ ದೊಡ್ಡ ಕೆಂಪು ಕೊಟ್ಟಿಗೆಯನ್ನು ಈಗ ಮದುವೆಗೆ ಬಾಡಿಗೆ ಕೊಡುತ್ತಾರೆ. ದೀಪದ ಸರ, ಬಿಳಿ ಕುರ್ಚಿ, ಒಳಗೆ ಇನ್ನೂ ಒಣ ಹುಲ್ಲಿನ ವಾಸನೆ. ಉಸುಕೊಂದು ಇಲ್ಲ, ಉಳಿದದ್ದೆಲ್ಲ ನಮ್ಮ ಟೆಂಟಿನಂತೆಯೇ ಕಂಡಿತು ನನಗೆ. ಮೊದಲು ಇಲ್ಲಿಯ ಪದ್ಧತಿಯಂತೆ ಒಬ್ಬ ಹೆಂಗಸು ಇಬ್ಬರಿಂದಲೂ ಮಾತು ಕೊಡಿಸಿ ಉಂಗುರ ಹಾಕಿಸುವುದು, ಆಮೇಲೆ ನಮ್ಮ ಅಕ್ಕಿಕಾಳು. ಅದಕ್ಕೆ ಗೋಧೂಳಿ ಹೊತ್ತೇ ಒಳ್ಳೆಯದೆಂದು ಗುಡಿಯ ಅಯ್ಯನವರು ಹೇಳಿದ್ದರು.

ನಾಲ್ಕಕ್ಕೆ ಟೋನಿಯ ಕಡೆಯವರೆಲ್ಲ ಬಂದು ಕೂತಿದ್ದರು. ನಮ್ಮವರೂ, ಅಪರೂಪಕ್ಕೆ, ಬಂದಿದ್ದರು. ಎರಡನೇ ಸಾಲಿನಲ್ಲಿ ಎರಡು ಕುರ್ಚಿ ಖಾಲಿ.

ಕೊಟ್ಟಿಗೆಯ ಉಸ್ತುವಾರಿ ನೋಡುವ ಕಿಯಾರಾ ಎಂಬಾಕೆ ಕೀರ್ತಿಯ ಬಳಿ ಬಂದು, ಶುರು ಮಾಡೋಣವೇ ಎಂದು ಕೇಳಿದಳು. ತಡವಾದರೆ ಬೆಳಕು ಹೋಗುತ್ತದೆ, ಫೋಟೋ ಚೆನ್ನಾಗಿ ಬರುವುದಿಲ್ಲ ಎಂದಳು. ಕೀರ್ತಿ ನನ್ನ ಮುಖ ನೋಡಿದಳು. ನಾನು ಖಾಲಿ ಕುರ್ಚಿಗಳನ್ನು ನೋಡಿದೆ. ಮಗುವಿನ ಮದುವೆ. ಬರುತ್ತೇನೆಂದು ಅವನು ಒಂದು ಮಾತೂ ಹೇಳಿರಲಿಲ್ಲ.

ಆಗ ಶಿವಪ್ರಸಾದ್ ಮುಂದೆ ಬಂದು ಕಿಯಾರಾಗೆ ಇಂಗ್ಲಿಷಿನಲ್ಲಿ ಏನೋ ಹೇಳಿ ಕಳಿಸಿದ. ನನ್ನ ಕಡೆ ತಿರುಗಿ, "ಆವತ್ತು ಗಡಿಯಾರ ನೋಡಿದ್ದು ನಾನೇ ಅಲ್ವಾ ಮಾವ. ಇವತ್ತು ನೋಡಲ್ಲ," ಎಂದು ಕೈಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಂಡ.

ಪಕ್ಕದ ಕೋಣೆಯ ಬಾಗಿಲಿನಿಂದ ಭೂಮಿಕಾ ತಲೆ ಹಾಕಿದಳು. ತಲೆ ತುಂಬ ಮಲ್ಲಿಗೆ.

"ಅಜ್ಜಾ, ಈಸ್ ಹಿ ಕಮಿಂಗ್?"

"ಗೊತ್ತಿಲ್ಲವ್ವಾ."

"ಓಕೆ. ವಿ ವೇಟ್," ಎಂದು ಬಾಗಿಲು ಹಾಕಿಕೊಂಡಳು.

ಹಾಡು ಹಾಕುತ್ತಿದ್ದವನು ಅವಳ ಗೆಳೆಯ ಸಮರ್ಥ್. ನಾನು ಅವನ ಹತ್ತಿರ ಹೋಗಿ ನಿಂತೆ. ಶಹನಾಯಿ ಮುಗಿಯುವುದರಲ್ಲಿತ್ತು.

"ಇನ್ನೊಂದು ಹಚ್ಚಪ್ಪಾ," ಎಂದೆ.

"ಅಂಕಲ್, ಪ್ಲೇಲಿಸ್ಟಲ್ಲಿ ಇದೇ ಲಾಸ್ಟು."

"ಮತ್ತ ಮೊದಲಿಂದ ಹಚ್ಚು."

ಅವನು ಹಚ್ಚಿದ. ಟೋನಿಯ ಕಡೆಯವರು ಒಬ್ಬರ ಕಿವಿಯಲ್ಲಿ ಒಬ್ಬರು ಮಾತಾಡತೊಡಗಿದರು. ಹುಡುಗಿ ಮನಸ್ಸು ಬದಲಿಸಿದ್ದಾಳೆಂದು ಅವರಿಗೆ ಅನುಮಾನ ಬಂದಿತ್ತಂತೆ. ಟೋನಿಯ ಅಜ್ಜಿ ರುದ್ರಮ್ಮನ ಕೈ ಹಿಡಿದು ಏನೋ ಕೇಳಿದಳು. ರುದ್ರಮ್ಮ, "ಬರಾಕತ್ತಾರವ್ವಾ, ಬರಾಕತ್ತಾರ. ನಮ್ಮ ಮೈದುನ ಸಣ್ಣಾವಿದ್ದಾಗಿಂದ ಹಿಂಗ," ಎಂದು ಚೀಲದಿಂದ ಅವಲಕ್ಕಿ ಚೂಡಾದ ಪೊಟ್ಟಣ ತೆಗೆದು ಆಕೆಯ ಕೈಗೆ ಹಾಕಿದಳು. ಆಕೆ ಒಂದು ಕಾಳು ಬಾಯಿಗಿಟ್ಟು ನೋಡಿದಳು. ಆಮೇಲೆ ಆ ಸಾಲಿನವರೆಲ್ಲ ಚೂಡಾ ತಿಂದರು.

ಶಹನಾಯಿ ಮತ್ತೆ ಮುಗಿಯಿತು, ಮತ್ತೆ ಶುರುವಾಯಿತು. ಐದು ಗಂಟೆ ದಾಟಿತು. ನನಗೆ ನಿಲ್ಲಲಾಗಲಿಲ್ಲ. ಸಾಹುಕಾರರು ಪರದೆ ಸರಿಸಿ ನೋಡುತ್ತಿದ್ದರಲ್ಲ, ಹಾಗೆ ದೊಡ್ಡ ಬಾಗಿಲಿನಿಂದ ಹೊರಗೆ ಬಂದೆ. ರಸ್ತೆಯ ಮೇಲೆ ಒಂದು ಗಾಡಿಯೂ ಇರಲಿಲ್ಲ. ಗಾಳಿಗೆ ಕೆಂಪು ಎಲೆಗಳು ಉದುರುತ್ತಿದ್ದವು. ಹುಲ್ಲಿನ ಬಯಲಿನಲ್ಲಿ ಬಂದವರ ಕಾರುಗಳು ಸಾಲಾಗಿ ನಿಂತಿದ್ದವು. ಎಲ್ಲಕ್ಕಿಂತ ಕಡೆಗೆ, ಮರದ ಕೆಳಗೆ, ಎಲೆ ಬಿದ್ದು ಅರ್ಧ ಮುಚ್ಚಿದ್ದ ಒಂದು ಕಾರಿನೊಳಗೆ ಎರಡು ತಲೆ ಕಂಡವು. ಎಲೆ ಅಷ್ಟು ಬೀಳಬೇಕಾದರೆ ಕಾರು ಬಹಳ ಹೊತ್ತಿನಿಂದ ಅಲ್ಲೇ ಇರಬೇಕು.

ನಾನು ಹತ್ತಿರ ಹೋಗುತ್ತಲೇ ಒಂದು ಬಾಗಿಲು ತೆರೆಯಿತು. ಇಳಿದವಳು ರಾಜಿ, ಹಸಿರು ರೇಷ್ಮೆ ಸೀರೆಯಲ್ಲಿ. "ಭಾವ, ಮೂರೂವರೆಗೇ ಬಂದಿದೀವಿ. ಹೇಳಿ ಹೇಳಿ ನನ್ನ ಬಾಯಿ ಒಣಗಿಹೋಯ್ತು. ನಿಮ್ಮ ತಮ್ಮ ಇಳೀತಾನೇ ಇಲ್ಲ. ಶುರು ಮಾಡ್ತಾರೋ ಇಲ್ವೋ ನೋಡೋಣ ಅಂತ ಕೂತಿದಾರೆ. ಇನ್ನು ನಿಮ್ಮ ಪಾಲು," ಎಂದು ಸೀರೆಯ ನೆರಿಗೆ ಎತ್ತಿಕೊಂಡು ಕೊಟ್ಟಿಗೆಯ ಕಡೆ ನಡೆದೇಬಿಟ್ಟಳು.

ನಾನು ಹಿಂದಿನ ಬಾಗಿಲು ತೆಗೆದು ಒಳಗೆ ಕೂತೆ. ಮುಂದೆ ವೀರೇಂದ್ರ, ಎರಡೂ ಕೈ ಸ್ಟೀರಿಂಗಿನ ಮೇಲೆ. ತಲೆಯ ಹಿಂಭಾಗ ಪೂರಾ ಬೆಳ್ಳಗಾಗಿತ್ತು. ನಮ್ಮ ಅಪ್ಪನದೇ ತಲೆ. ದೂರದಿಂದ ಶಹನಾಯಿ ಕೇಳುತ್ತಿತ್ತು.

"ಕಮೆನ್ಸ್ ಆತೇನು?" ಎಂದ, ತಿರುಗದೆ.

"ಇಲ್ಲ."

"ನಾಲ್ಕಂತ ಬರದಿತ್ತಲ್ಲ ಕಾರ್ಡಿನ್ಯಾಗ."

"ಬರದಿತ್ತು."

"ಮತ್ತ?"

"ಡಬ್ಬಿ ಬಂದಿದ್ದಿಲ್ಲ."

ಅವನು ಕನ್ನಡಕ ತೆಗೆದ. ಕೋಟಿನ ತುದಿಯಿಂದ ಅದನ್ನು ಒರೆಸಿದ, ಬಹಳ ಹೊತ್ತು ಒರೆಸಿದ. ಆಮೇಲೆ ಎಂದ, "ಅದ ರೆಕಾರ್ಡು ಎಷ್ಟು ಸಲ ಹಚ್ಚತಿ ಅಣ್ಣಾ? ಆಗಿಂದ ಕೇಳಾಕತ್ತೀನಿ. ಮಂದಿ ಎದ್ದು ಹೋಗತಾರ."

"ಹೋಗೂದಿಲ್ಲ. ನಿಮ್ಮ ವೈನಿ ಚೂಡಾ ಹಂಚ್ಯಾಳ."

ಅವನ ಭುಜ ಕುಲುಕಿತು. ನಗುವೋ ಅಳುವೋ ಹಿಂದೆ ಕೂತ ನನಗೆ ಕಾಣಲಿಲ್ಲ. "ಬಾ," ಎಂದು ನಾನು ಇಳಿದೆ. ಅವನೂ ಇಳಿದ. ಮೊಣಕಾಲು ಹಿಡಿದಿತ್ತು. ನನ್ನ ಹೆಗಲ ಮೇಲೆ ಕೈಯಿಟ್ಟು ನಡೆದ.

ಕೊಟ್ಟಿಗೆಯ ಬಾಗಿಲಿಗೆ ಬಂದು ನಿಂತ. ಎಲ್ಲರೂ ಹಿಂದಿರುಗಿ ನೋಡಿದರು. ಕೂಗಲಿಲ್ಲ, ಕೂಗುವ ದನಿ ಈಗ ಇಲ್ಲ. ಆದರೂ ನಮ್ಮವರಿಗೆ ಕೇಳುವಂತೆ ಹೇಳಿದ: "ಅಣ್ಣಾ, ಡಬ್ಬಿ ಬಂತು."

ಮುಂದಿನ ಸಾಲಿನಿಂದ ರುದ್ರಮ್ಮ, "ತುಂಬಿದ ಡಬ್ಬಿನೋ ಖಾಲಿನೋ ಮೊದಲ ನೋಡ್ರಿ," ಎಂದಳು.

"ಖಾಲಿ ಹೊಟ್ಟಿ ಐತಿ ವೈನಿ. ಚೂಡಾ ಉಳದೈತೇನು?"

ಉಳಿದಿರಲಿಲ್ಲ. ಟೋನಿಯ ಅಜ್ಜಿ ತನ್ನ ಕೈಯಲ್ಲಿದ್ದುದನ್ನೇ ಅವನಿಗೆ ಕೊಟ್ಟಳು. ಯಾರು, ಏನು ಎಂದು ಆಕೆಗೆ ಗೊತ್ತಿರಲಿಲ್ಲ, ಇಷ್ಟು ಹೊತ್ತು ಕಾದದ್ದು ಇವನಿಗೇ ಎಂದು ಮಾತ್ರ ತಿಳಿದಿತ್ತು. ರಾಜಿ ಆಗಲೇ ಎರಡನೇ ಸಾಲಿನಲ್ಲಿ ಕೂತು ಪಕ್ಕದ ಕುರ್ಚಿಯ ಮೇಲೆ ಕೈಯಿಟ್ಟಿದ್ದಳು.

ಸಮರ್ಥ್ ಮೈಕು ನನ್ನ ಕೈಗೆ ಕೊಟ್ಟ. ಅಷ್ಟು ಜನರ ಮುಂದೆ ಇಂಗ್ಲಿಷು ಆಡಿದವನಲ್ಲ ನಾನು. ಕೋಟಿನ ಗುಂಡಿ ಹಾಕಿಕೊಂಡೆ. ಹಾರ್ನಿನ ಪಕ್ಕ ನಿಂತು ಶುಕ್ರವಾರಕ್ಕೊಮ್ಮೆ ಕೇಳಿದ ಮಾತು, ಎಲ್ಲಿಯೂ ತಡವರಿಸಲಿಲ್ಲ. ಶೋ ಎನ್ನುವ ಕಡೆ ಸೆರಮನಿ ಎಂದೆ, ಅಷ್ಟೇ ಬದಲು.

"ಲೇಡೀಸ್ ಅಂಡ್ ಜಂಟಲ್‌ಮನ್, ದಿ ಸೆರಮನಿ ವಿಲ್ ನೌ ಕಮೆನ್ಸ್."

ಟೋನಿ ತನ್ನ ಟೈಯನ್ನು ಮುಟ್ಟಿ ಸರಿಮಾಡಿಕೊಂಡ. ಆಚೆಯವರು, ಈಚೆಯವರು, ಎಲ್ಲರೂ ನೆಟ್ಟಗೆ ಕೂತರು. ಭೂಮಿಕಾ ಬಂದಳು. ಹೊರಗೆ ಬೆಳಕು ಹೋಗುತ್ತಿತ್ತು, ಫೋಟೋಗಳು ಸ್ವಲ್ಪ ಮಸುಕಾಗಿಯೇ ಬಂದಿವೆ.

ಆ ರಾತ್ರಿ ವೀರೇಂದ್ರ ಜೆರಿಕೋಗೆ ಹೋಗಲಿಲ್ಲ, ನಮ್ಮೊಡನೆ ಮೆಟುಚೆನ್‌ಗೆ ಬಂದ. ಬಾಗಿಲಲ್ಲಿ ನಿಂತು ತಲೆಯೆತ್ತಿ ನೋಡಿದ. ಗೃಹಪ್ರವೇಶದ ತೋರಣದ ದಾರ ಮೊಳೆಗೆ ಹಾಗೆಯೇ ಇತ್ತು. ಅದನ್ನು ಬಿಚ್ಚುವುದು ನಮಗೆ ಯಾರಿಗೂ ನೆನಪಾಗಿರಲಿಲ್ಲ. ಮರುದಿನ ರುದ್ರಮ್ಮ ಹೋಳಿಗೆ ಮಾಡಿದಳು. ಅವನು ಎಲೆಯ ಮುಂದೆ ಕೂಡುವವರೆಗೆ ಯಾರಿಗೂ ಬಡಿಸಲಿಲ್ಲ. ಅವನು ಬೇಕೆಂತಲೇ ಕೈ ತೊಳೆಯಲು ಹೋಗಿ ಬಹಳ ಹೊತ್ತು ಮಾಡಿದ.

ಭೂಮಿಕಾ, ಟೋನಿ ಸೋಮವಾರ ಹೋದರು. ವೀರೇಂದ್ರ, ರಾಜಿ ಇನ್ನೂ ಮೂರು ದಿನ ಇದ್ದು ಗುರುವಾರ ಹೋದರು.